ವಿಭೂತಿ ಹಚ್ಚಿದ ಟಿಕೆಟ್

"ಇದು ನಾನು ಮಾರಿದ ಟಿಕೆಟ್ ಅಲ್ಲ, ದಫೇದಾರ್ರೇ."

ಅಂಜಿನಪ್ಪ ಟಿಕೆಟನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ನನ್ನ ಕೈಗೇ ವಾಪಸು ಕೊಟ್ಟ. ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಸೈಕಲ್ಲಿಗೆ ರಟ್ಟು ಕಟ್ಟಿ, ಅದರ ತುಂಬ ಲಾಟರಿ ಟಿಕೆಟ್ ನೇತುಬಿಟ್ಟುಕೊಂಡು, ಆತ ಹತ್ತು ವರ್ಷದಿಂದ ಅದೇ ಜಾಗದಲ್ಲಿ ನಿಂತಿದ್ದಾನೆ.

"ಅದು ನಂಗೂ ಗೊತ್ತು ಮಾರಾಯ. ನಿನ್ನ ಟಿಕೆಟ್ಟಿಗೆ ಲಕ್ಷ ರೂಪಾಯಿ ಬಂದಿದೆ. ಇದಕ್ಕೆ ಏನೂ ಬಂದಿಲ್ಲ. ಇದನ್ನ ಮಾರಿದ್ದು ಯಾರು, ಅದು ಹೇಳು."

"ಹಿಂದುಗಡೆ ಮೊಹರು ನೋಡಿ. ನಿಮ್ಮೂರಿನ ಏಜೆಂಟ್ರದು. ತರೀಕೆರೆ."

ಅಜ್ಜಂಪುರದ ಹತ್ತಿ ಮಿಲ್ಲಿನ ಆರು ಹೆಂಗಸರು ಸೇರಿ ಕೊಂಡ ಟಿಕೆಟ್ಟು, ಓಬಮ್ಮನ ಮನೆಯ ದೇವರ ಗೂಡಿನಲ್ಲೇ ಅದಲುಬದಲಾಗಿ ಇವತ್ತಿಗೆ ಒಂದು ವಾರ. ನಾಳೆ ಶುಕ್ರವಾರ ಮಧ್ಯಾಹ್ನದೊಳಗೆ ಕಳ್ಳ ಸಿಗದಿದ್ದರೆ, ಓಬಮ್ಮ ಅಂತರಘಟ್ಟೆಯ ಗುಡಿಯಲ್ಲಿ ಅಂತರಘಟ್ಟಮ್ಮನ ಮುಂದೆ ದೀಪ ಆರಿಸಿ ಪ್ರಮಾಣ ಮಾಡಬೇಕು. ಆರಿಸದಿದ್ದರೆ ಅವಳೇ ಕಳ್ಳಿ. ಆರಿಸಿದರೆ, ತಪ್ಪು ಇರಲಿ ಇಲ್ಲದಿರಲಿ, ಮನೆಯ ದೀಪವೇ ಆರುತ್ತದೆ ಎಂದು ಆ ಕಡೆಯವರು ನಂಬಿದ್ದಾರೆ.

"ಸ್ವಾಮಿ, ಇನ್ನೊಂದು ಮಾತು. ಈ ಮೂಲೇಲಿ ಬೆಳ್ಳಗೆ ಅಂಟಿದೆಯಲ್ಲ, ಅದೇನು ನೋಡಿದ್ರಾ?"

"ಹತ್ತಿ ಧೂಳು ಇರಬೇಕು."

ಅಂಜಿನಪ್ಪ ಅದನ್ನು ಉಗುರಲ್ಲಿ ಕೆರೆದು ಮೂಗಿನ ಹತ್ತಿರ ಹಿಡಿದ. ಆಮೇಲೆ ನನ್ನ ಮುಖ ನೋಡಿ ನಕ್ಕ.

"ಧೂಳಲ್ಲ. ನಿಮ್ಮ ಹಣೆ ಮೇಲಿರೋದೇ ಇದು. ವಿಭೂತಿ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಮೂವತ್ತು ವರ್ಷ ಪೊಲೀಸಿನಲ್ಲಿದ್ದವನು, ನಿವೃತ್ತಿಯಾಗಿ ಎರಡು ವರ್ಷವಾದರೂ ದಫೇದಾರ್ ಗಂಗಾಧರಯ್ಯ ಎಂದು ಕರೆಸಿಕೊಳ್ಳುವವನು, ಮೂರು ದಿನದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಸಾಕ್ಷ್ಯವನ್ನು ಲಾಟರಿ ಮಾರುವವನು ಓದಿ ಹೇಳಬೇಕಾಯಿತು. ದಿನಾ ಬೆಳಗ್ಗೆ ಕಾಣುವುದು ಕಣ್ಣಿಗೆ ಬೀಳುವುದಿಲ್ಲ, ಏನು ಮಾಡುವುದು.

ಓಬಮ್ಮನ ಮನೆದೇವರಿಗೆ ಹಚ್ಚುವುದು ಅರಿಸಿನದ ಭಂಡಾರ. ಟಿಕೆಟ್ ತಂದ ದಿನ ಆರೂ ಜನ ಅದಕ್ಕೆ ಭಂಡಾರ ಹಚ್ಚಿಯೇ ಗೂಡಿನಲ್ಲಿಟ್ಟಿದ್ದರು. ಅಂದರೆ ಈ ಟಿಕೆಟ್ಟಿಗೆ ಪೂಜೆಯಾದದ್ದು ಬೇರೆ ಮನೆಯಲ್ಲಿ. ವಿಭೂತಿ ಹಚ್ಚುವ ಮನೆಯಲ್ಲಿ, ತರೀಕೆರೆಯಲ್ಲಿ.

"ನೀನು ಯಾವತ್ತಾದ್ರೂ ಕೊಂಡಿದ್ದೀಯೇನೋ?" ಎಂದು ಹೊರಡುವಾಗ ಕೇಳಿದೆ.

"ಎಲ್ಲಾದ್ರೂ ಉಂಟಾ. ಹೋಟ್ಲಿನವನು ತನ್ನ ಹೋಟ್ಲಲ್ಲಿ ಉಣ್ತಾನಾ ಸ್ವಾಮಿ? ನೀವು?"

"ನಾನು ಜೂಜುಕೋರರನ್ನ ಹಿಡಿದವನು ಕಣೋ."

"ಸರ್ಕಾರದವರೇ ಅಚ್ಚು ಹಾಕಿಸಿದ್ರೆ ಜೂಜು ಹೆಂಗಾಗುತ್ತೆ?"

ಅಜ್ಜಂಪುರದ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಇಸ್ಪೀಟು ಆಡುವವರನ್ನು ಹಿಡಿಯಲು ನಾನು ಹಾರದ ಗೋಡೆ ಇಲ್ಲ. ಮಟ್ಕಾ ಚೀಟಿ ಬರೆಯುವವರನ್ನು ಸಂತೆಯಲ್ಲೇ ಕೊರಳಪಟ್ಟಿ ಹಿಡಿದು ಎಳೆದಿದ್ದೇನೆ. ಅದೇ ಸಂತೆಯ ಬಾಗಿಲಲ್ಲಿ ಮೈಕ್ ಹಾಕಿ ಲಾಟರಿ ಮಾರುವವನಿಗೆ ನಾವೇ ಜಾಗ ಬಿಡಿಸಿ ಕೊಡುತ್ತಿದ್ದೆವು. ನನ್ನ ಪ್ರಕಾರ ಎರಡೂ ಒಂದೇ. ದುಡಿಯದೆ ಬರುವ ದುಡ್ಡಿಗೆ ಕಾಯುವವನು ದುಡಿದು ತಂದದ್ದನ್ನೂ ಹಾಳುಮಾಡುತ್ತಾನೆ. ಮನೆಯಲ್ಲಿ ಇದನ್ನು ನೂರು ಸಲ ಹೇಳಿದ್ದೇನೆ. ಹೆಂಡತಿ ಗುರುಶಾಂತಮ್ಮ ತಲೆಯಾಡಿಸುತ್ತಿದ್ದಳು. ತಮ್ಮ ತೀರ್ಥಪ್ಪನಂತೂ "ಸರಿ ಹೇಳ್ದೆ ಅಣ್ಣ" ಎನ್ನುತ್ತಿದ್ದ.

ಆದರೂ ಮೂರು ದಿನದ ಹಿಂದೆ ಓಬಮ್ಮ ಈ ಟಿಕೆಟ್ಟು ಕೈಗಿಟ್ಟು, ಕಳ್ಳನನ್ನು ಹುಡುಕಿಕೊಡಿ ಎಂದು ಕತೆ ಹೇಳಿದಾಗ ನಾನು ಬೈಯಲಿಲ್ಲ. ಆರು ಜನಕ್ಕೂ ಓದು ಬರದು. ಟಿಕೆಟ್ಟಿನ ಮೇಲೆ ಆರು ಅಂಕಿ. ತಲೆಗೊಂದು ಅಂಕಿಯಂತೆ ಹಂಚಿಕೊಂಡು, ಹತ್ತಿ ಆರಿಸುತ್ತಾ ಕೂತ ಸಾಲಿನಲ್ಲೇ ಎಡದಿಂದ ಬಲಕ್ಕೆ ನೆನಪಿಟ್ಟಿದ್ದರು. ಕಳೆದ ಗುರುವಾರ ಮಧ್ಯಾಹ್ನ ಪೇಪರ್ ಬಂದು ಹೋಟೆಲಿನವನು ಓಬಮ್ಮನ ಜಗಲಿಯ ಮುಂದೆ ನಂಬರು ಓದಿದಾಗ, ಒಬ್ಬೊಬ್ಬಳೇ "ಅದು ನಂದು" ಎನ್ನುತ್ತಾ ಎದ್ದು ನಿಂತರಂತೆ. ಆರನೆಯವಳೂ ಎದ್ದಳಂತೆ. ಆಮೇಲೆ ಒಳಗೆ ಓಡಿ ಗೂಡು ತಡಕಿದರೆ, ಈ ಟಿಕೆಟ್ಟು.

ಓಬಮ್ಮನ ಮನೆ ಮಿಲ್ಲಿನ ಹಿಂದಿನ ಬೀದಿಯಲ್ಲಿ. ಜಗಲಿಯ ಮೇಲೆ ಅವಳು ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ಮೂವತ್ತೆಂಟರ ಹೆಂಗಸು, ಒಂದು ವಾರದಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದವಳಂತೆ ಕಂಡಳು. ಪ್ರಮಾಣ ಆಗುವವರೆಗೆ ಅವಳು ಕೆಲಸಕ್ಕೆ ಬರಕೂಡದೆಂದು ಉಳಿದವರು ಪಟ್ಟು ಹಿಡಿದಿದ್ದರು. ಎದುರಿಗೆ ಪಕ್ಕದ ಮನೆಯ ಈರಕ್ಕ ನಿಂತಿದ್ದಳು. ಆರು ಜನರಲ್ಲಿ ಜೋರು ಬಾಯಿಯವಳು.

"ನಂಗೆ ಬಂದಿದ್ದು ಬರೀ ಸೊನ್ನೆ ಕಣ್ರೀ. ಅದನ್ನೂ ಬಿಡದೆ ನೆನಪಿಟ್ಟೆ," ಎಂದಳು ಈರಕ್ಕ. "ಇವ್ಳು ಮನೇಲಿ ಇಟ್ಕೊಂಡು ಕಾಯೋಕಾಗ್ಲಿಲ್ಲ."

"ಈರಕ್ಕ, ನಾನೊಂದು ಕೇಳ್ತೀನಿ. ಹೋದ ಗುರುವಾರ ಬೆಳಗ್ಗೆ ಈ ಮನೇಲಿ ದೇವರ ದೀಪ ಹಚ್ಚಿದ್ದು ಯಾರು?"

ಓಬಮ್ಮ ಮುಖ ತಿರುಗಿಸಿದಳು. ಈರಕ್ಕ ಸಂಕೋಚದ ಹೆಂಗಸಲ್ಲ.

"ಯಾರೂ ಹಚ್ಚಿಲ್ಲ. ಇವ್ಳು ಹೊರಗಾಗಿದ್ಳು, ಬುಧವಾರದಿಂದ ಮೂರು ದಿನ. ಅತ್ತೆ ಬುಕ್ಕಾಂಬುಧಿಗೆ ಮಗಳ ಮನೆಗೆ ಹೋಗಿದ್ಳು. ಊಟ ನಾನೇ ತಂದುಕೊಟ್ಟೆ. ನಂಬರು ಓದೋವರೆಗೆ ಹೊಸ್ತಿಲು ದಾಟಿಲ್ಲ ನಾನು."

"ಹಾಗಾದ್ರೆ ಓಬಮ್ಮ ಗೂಡು ಮುಟ್ಟಿಲ್ಲ."

"ಲಕ್ಷ ರೂಪಾಯಿ ಅಂದ್ರೆ ಮುಟ್ಟು ಮೈಲಿಗೆ ಎಲ್ಲಿಂದ ಬಂತು ಸ್ವಾಮಿ," ಎಂದಳು ಈರಕ್ಕ. ಅಷ್ಟರಲ್ಲಿ ಮಿಲ್ಲಿನ ಸೈರನ್ ಕೂಗಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾಳೆ ದೀಪದ ಮುಂದೆ ಗೊತ್ತಾಗುತ್ತೆ," ಎಂದು ಹೊರಟುಹೋದಳು.

ನಾನು ಜಗಲಿಯ ಇನ್ನೊಂದು ತುದಿಯಲ್ಲಿ ಕೂತೆ. ಹೆಂಗಸರ ವಿಷಯ ಕೇಳಲು ನನಗೂ ಬಾಯಿ ಬರಲಿಲ್ಲ. ಆದರೆ ಕೇಳದೆ ವಿಧಿ ಇರಲಿಲ್ಲ.

"ಓಬಮ್ಮ, ಹೇಳಮ್ಮ. ನೀನು ಈ ಜಗಲಿ ಮೇಲೇ ಕೂತಿದ್ದೆ. ನಿನ್ನ ದಾಟಿಕೊಂಡು ಒಳಗೆ ಹೋದವರು ಯಾರು?"

"ಹೊರಗಿನೋರು ಯಾರೂ ಬಂದಿಲ್ಲ ಅಂತ ಅವತ್ತೇ ಹೇಳಿದ್ನಲ್ಲ."

"ಹೊರಗಿನವರಲ್ಲದವರು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ರೈಟ್ರು ಬಂದಿದ್ರು," ಎಂದಳು ಕೊನೆಗೆ. "ಟಿಕೆಟ್ಟು ಹುಷಾರಾಗಿದೆಯೇನಮ್ಮ, ಒಂದ್ಸಲ ನೋಡ್ತೀನಿ ಅಂದ್ರು. ನಾನು ಮುಟ್ಟೋ ಹಂಗಿರಲಿಲ್ಲ. ನೀವೇ ಹೋಗಿ ತಗೊಂಡು ನೋಡಿ, ನೀವೇ ಇಟ್ಬಿಡಿ ಅಂದೆ. ಅವರನ್ನ ಹೊರಗಿನೋರು ಅಂತ ಹೆಂಗಂತೀರ ಸ್ವಾಮಿ? ನಮಗೆ ಅಂಕಿ ಹಂಚಿಕೊಟ್ಟು ಬಾಯಿಪಾಠ ಮಾಡಿಸಿದೋರೇ ಅವ್ರು."

ಮಿಲ್ಲಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನನ್ನು ಅಲ್ಲಿಯವರು ರೈಟ್ರು ಎನ್ನುತ್ತಾರೆ. ಆ ಮಿಲ್ಲಿಗಿರುವುದು ಒಬ್ಬನೇ ರೈಟ್ರು. ನನ್ನ ತಮ್ಮ ತೀರ್ಥಪ್ಪ.

"ಇದನ್ನ ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಆ ವಿಷಯ ಗಂಡಸರ ಹತ್ರ ಹೆಂಗೆ ಹೇಳೋದು. ಅದೂ ಅಲ್ದೆ, ನಂಗೋಸ್ಕರ ಓಡಾಡ್ತಿರೋರ ಮುಂದೆ ಅವರ ತಮ್ಮನ ಹೆಸರು ಎತ್ತಿದ್ರೆ ನಾಲಿಗೆ ಬಿದ್ದುಹೋಗಲ್ವಾ? ಅವರು ಅಂಥೋರಲ್ಲ."

ಅವಳು ಈಗಲೂ ಅವನನ್ನು ಅನುಮಾನಿಸುತ್ತಿರಲಿಲ್ಲ. ನನ್ನನ್ನು ಅಷ್ಟು ನಂಬಿದ್ದಳು.

"ನೀನು ದೀಪ ಆರಿಸಬೇಕಾಗಿಲ್ಲ," ಎಂದೆ. "ನಾಳೆ ನಾನೇ ಅಂತರಘಟ್ಟೆಗೆ ಬಂದು ಎಲ್ಲರ ಮುಂದೆ ಹೇಳ್ತೀನಿ. ಅಲ್ಲೀವರೆಗೆ ಯಾರ ಹತ್ರನೂ ಬಾಯಿ ಬಿಡಬೇಡ."

"ನೀವು ಹೇಳಿದ್ರೆ ಮುಗೀತು ಸ್ವಾಮಿ," ಎಂದಳು ಓಬಮ್ಮ. ಒಂದು ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಗೆಲುವು ಕಂಡಿತು.

ಮಿಲ್ಲಿನ ಆಫೀಸಿನಲ್ಲಿ ತೀರ್ಥಪ್ಪ ಒಬ್ಬನೇ ಇದ್ದ. ನಮ್ಮಪ್ಪ ಸತ್ತಾಗ ಇವನಿಗೆ ಆರು ವರ್ಷ. ಎತ್ತಿ ಆಡಿಸಿದವನು ನಾನು, ಅನ್ನ ಕಲಸಿ ತಿನ್ನಿಸಿದವಳು ಗುರುಶಾಂತಮ್ಮ. ನಮಗೆ ಮಕ್ಕಳಿಲ್ಲ. ಇವನನ್ನೇ ಮಗ ಎಂದುಕೊಂಡು ಮೂವತ್ತು ವರ್ಷದವನನ್ನಾಗಿ ಮಾಡಿದ್ದೆವು.

"ಬಾ ಅಣ್ಣ, ಕಾಫಿ ತರಿಸ್ಲಾ?"

ನಾನು ಟಿಕೆಟನ್ನು ಅವನ ಮೇಜಿನ ಮೇಲಿಟ್ಟೆ. ವಿಭೂತಿ ಹತ್ತಿದ ಮೂಲೆಯ ಮೇಲೆ ಬೆರಳಿಟ್ಟೆ. ಅವನು ನೋಡಿದ. ಪೆನ್ನಿನ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ಎದ್ದು ಬಾಗಿಲು ಮುಂದೆ ಮಾಡಿದ.

"ಒರೆಸೋಣ ಅಂತ ಕೈ ಎತ್ತಿದೆ ಅಣ್ಣ. ಮನಸ್ಸು ಬರ್ಲಿಲ್ಲ. ಅತ್ತಿಗೆ ಪೂಜೆ ಮಾಡಿ ಹಚ್ಚಿದ್ದು."

ಅವನು ಇಲ್ಲ ಎನ್ನಲಿ ಎಂದು ನಾನು ಕಾಯುತ್ತಿದ್ದೆ. ಕೂಗಾಡಲಿ, ನನ್ನ ಮೇಲೆ ಏರಿ ಬರಲಿ ಎಂದು ಕಾಯುತ್ತಿದ್ದೆ. ಇಷ್ಟು ಸಲೀಸಾಗಿ ಒಪ್ಪಿಕೊಂಡ ಕಳ್ಳನನ್ನು ನನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ.

"ಅತ್ತಿಗೆ ಅಂದ್ಯಾ?"

"ಟಿಕೆಟ್ಟು ಅತ್ತಿಗೆದು. ಏಳು ವರ್ಷದಿಂದ ವಾರಕ್ಕೊಂದು ತಗೋತಾಳೆ. ತಂದುಕೊಡೋನು ನಾನು. ನೀನು ಜೂಜು ಜೂಜು ಅಂತ ಭಾಷಣ ಮಾಡ್ವಾಗ ಅದು ನಿನ್ನ ತಲೆ ಹಿಂದಿನ ದೇವರ ಜಗಲಿ ಮೇಲೆ, ಲಿಂಗದ ಕೆಳಗೇ ಇರ್ತಿತ್ತು."

ಏಳು ವರ್ಷ. ನಾನು ಊಟಕ್ಕೆ ಕೂತಾಗಲೆಲ್ಲ ಅವರಿಬ್ಬರೂ ನನ್ನ ಬೆನ್ನ ಹಿಂದೆ ಕಣ್ಣಲ್ಲೇ ಮಾತಾಡಿಕೊಂಡಿರಬೇಕು. ಲಕ್ಷ ರೂಪಾಯಿಗಿಂತ ಅದೇ ನನಗೆ ಹೆಚ್ಚು ಉರಿಯಿತು.

"ಬೆಳಗ್ಗೆ ರೈಲಿಗೇ ನಮ್ಮೂರಿಗೆ ಪೇಪರ್ ಬರುತ್ತೆ. ಇಲ್ಲಿಗೆ ಬರೋದು ಮಧ್ಯಾಹ್ನ," ಎಂದು ಅವನೇ ಮುಂದುವರಿಸಿದ. "ನಂಬರ್ ನೋಡಿದ ಕೂಡ್ಲೆ ಗೊತ್ತಾಯ್ತು. ನಾನೇ ಬಾಯಿಪಾಠ ಮಾಡಿಸಿದ್ನಲ್ಲ. ಬರೋವಾಗ ಅತ್ತಿಗೆಯ ಟಿಕೆಟ್ಟು ಜೇಬಿಗೆ ಹಾಕ್ಕೊಂಡು ಬಂದೆ."

"ಥೂ. ನಾಚಿಕೆ ಆಗಲ್ವೇನೋ? ಆ ಹೆಂಗಸು ನಾಳೆ ದೀಪ ಆರಿಸ್ಬೇಕು."

"ಆರಿಸ್ಲಿ. ಅವಳು ಕದ್ದಿಲ್ಲ, ಅವಳಿಗೇನಾಗುತ್ತೆ? ಕೇಳು ಅಣ್ಣ. ಆ ಲಕ್ಷನ ಆರು ಜನ ಹಂಚಿಕೊಂಡ್ರೆ ಯಾರಿಗೂ ಕೈ ಹತ್ತಲ್ಲ. ಒಬ್ಬಳ ಗಂಡ ಕುಡೀತಾನೆ, ಇನ್ನೊಬ್ಬಳ ಮಗ ಹಾರಿಸ್ತಾನೆ. ಅವರೇನು ದುಡಿದು ತಂದ್ರಾ? ಬಂದಿದ್ದು ಕಾಗದಕ್ಕೆ. ನಾನು ಕಾಗದ ಬದಲಾಯಿಸಿದೆ. ದುಡಿಯದೆ ಬರೋ ದುಡ್ಡು ಅದು ಅಂತ ನೀನೇ ಅಲ್ವಾ ಹೇಳಿದ್ದು?"

ನನ್ನ ಮಾತನ್ನೇ ತಿರುಗಿಸಿ ನನ್ನ ಮೇಲೆ ಎಸೆದ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನ್ನೊಳಗೂ ಏನೋ ಅಲುಗಿತು. ಲಕ್ಷ ಎಂದರೆ ನಾನು ಎರಡು ಜನ್ಮ ಎದೆಗೆ ಬಿಲ್ಲೆ ಹಾಕಿಕೊಂಡು ತಿರುಗಿದರೂ ಕಾಣದ ದುಡ್ಡು. ಆ ಗಳಿಗೆಗೆ ನನಗೇ ಅಸಹ್ಯವಾಯಿತು.

"ಟಿಕೆಟ್ಟು ಎಲ್ಲಿದೆ?"

"ರಿಜಿಸ್ಟರ್ಡ್ ಪೋಸ್ಟಲ್ಲಿ ಬೆಂಗ್ಳೂರಿನ ಲಾಟರಿ ಆಫೀಸಿಗೆ ಹೋಗಿ ಆರು ದಿನ ಆಯ್ತು."

"ಯಾರ ಹೆಸರಲ್ಲಿ?"

ಅವನು ಮೊದಲ ಸಲ ಕಣ್ಣು ತಪ್ಪಿಸಿದ.

"ನಿನ್ನ ಹೆಸರಲ್ಲಿ."

ಕಳೆದ ಶುಕ್ರವಾರ ಬೆಳಗ್ಗೆ ನಾನು ಮುಖಕ್ಷೌರಕ್ಕೆ ಕೂತಿದ್ದಾಗ ಇವನು ಕಾಗದ ಹಿಡಿದುಕೊಂಡು ಬಂದಿದ್ದ. ನವೆಂಬರ್ ತಿಂಗಳು, ಪಿಂಚಣಿಯವರಿಗೆ ಬದುಕಿದ್ದೇನೆಂದು ಬರೆದುಕೊಡಬೇಕಲ್ಲ. ಎರಡು ಕಡೆ ಸಹಿ ಹಾಕು ಅಣ್ಣ ಎಂದ. ಕನ್ನಡಕ ಒಳಗಿತ್ತು. ತಮ್ಮ ತಂದ ಕಾಗದವನ್ನು ಯಾರು ಓದುತ್ತಾರೆ? ಕೆನ್ನೆ ಮೇಲೆ ನೊರೆ ಇಟ್ಟುಕೊಂಡೇ ಎರಡೂ ಕಡೆ ಹಾಕಿದೆ.

"ರಿಟೈರ್ಡ್ ದಫೇದಾರ್ ಹೆಸರಿದ್ರೆ ಯಾರೂ ಪ್ರಶ್ನೆ ಕೇಳಲ್ಲ. ನಾನು ಮಿಲ್ ಗುಮಾಸ್ತ, ನಂಗೆ ಬಂದ್ರೆ ಈ ಹೆಂಗಸರೇ ನನ್ನ ಹರಿದು ತಿಂತಾರೆ," ಎಂದ ತೀರ್ಥಪ್ಪ.

"ನಾಳೆ ಎಲ್ಲರ ಮುಂದೆ ಹೇಳ್ತೀನಿ ಕಣೋ."

"ಹೇಳು. ಸಹಿ ನಿಂದು. ಯಾರಾದ್ರೂ ಕೇಳಿದ್ರೆ ಅಣ್ಣ ಕಳಿಸಿದ, ನಾನು ಹೋಗಿ ತಂದೆ ಅಂತೀನಿ. ಹುಡುಕ್ತೀನಿ ಅಂತ ಊರೂರು ತಿರುಗಿದ್ದು ನಾಟಕ ಅಂತೀನಿ. ಯಾರ ಮಾತು ನಂಬ್ತಾರೆ ನೋಡೋಣ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವಂತೆ ಹೇಳಿದ. ಆ ಬಾಯಿಗೆ ನಾವು ಅನ್ನ ಇಟ್ಟಿದ್ದೆವು. ಹೊಡೆಯಲು ಕೈ ಎತ್ತಿದೆ, ಹೊಡೆಯಲಾಗಲಿಲ್ಲ. ಟಿಕೆಟ್ಟು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಸಂಜೆ ತರೀಕೆರೆಯ ಮನೆ ಸೇರಿದೆ. ಗುರುಶಾಂತಮ್ಮ ರೊಟ್ಟಿ ಬಡಿಯುತ್ತಿದ್ದಳು. ನೂರಾರು ಕಳ್ಳರನ್ನು ಎದುರಿಗೆ ಕೂರಿಸಿಕೊಂಡು ಬಾಯಿ ಬಿಡಿಸಿದವನು ನಾನು. ಹೆಂಡತಿಯನ್ನು ಒಂದು ಮಾತು ಕೇಳಲು ನನ್ನಿಂದ ಆಗಲಿಲ್ಲ. ಕೇಳಿದರೆ ಅವಳು ಹೌದು ಎನ್ನುತ್ತಾಳೆಂದು ಹೆದರಿದೆ.

ತೀರ್ಥಪ್ಪ ಬಂದವನು ಅಡುಗೆಮನೆಯಲ್ಲಿ ಅವಳ ಹತ್ತಿರ ಬಹಳ ಹೊತ್ತು ಪಿಸುಗುಟ್ಟಿದ. ಆಮೇಲೆ ಅವಳು ತಟ್ಟೆ ಇಟ್ಟಳು, ಪಲ್ಯ ಬಡಿಸಿದಳು, ನನ್ನ ಮುಖವನ್ನು ಒಂದು ಸಲವೂ ನೋಡಲಿಲ್ಲ. ನಾನು ಪಡಸಾಲೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಶುಕ್ರವಾರ ಹನ್ನೊಂದಕ್ಕೆ ಅಂತರಘಟ್ಟೆ ತಲುಪಿದೆ. ಗುಡಿಯ ಮುಂದಿನ ಕಲ್ಲುಹಾಸಿನಲ್ಲಿ ಆರೂ ಜನ ಸೇರಿದ್ದರು. ಓಬಮ್ಮ ಮಿಂದು ಮಡಿಯುಟ್ಟು, ಒದ್ದೆ ತಲೆಗೆ ಸೆರಗು ಹೊದ್ದು ನಿಂತಿದ್ದಳು. ಪೂಜಾರಿ ಮಣ್ಣಿನ ಹಣತೆ ಹಚ್ಚಿ ಬಾಗಿಲ ಮುಂದಿಟ್ಟ.

ನನ್ನನ್ನು ಕಂಡು ಓಬಮ್ಮ ಕೈ ಮುಗಿದಳು. "ಬಂದ್ರಲ್ಲ ಸ್ವಾಮಿ. ಬರ್ತೀರೋ ಇಲ್ವೋ ಅಂತ ಇವ್ರು ಅಂತಿದ್ರು."

"ಏನು ಪತ್ತೆ ಆಯ್ತು ಹೇಳಿ ದಫೇದಾರ್ರೇ," ಎಂದಳು ಈರಕ್ಕ. "ನಿಮ್ಮ ಮಾತು ನಾವು ನಂಬ್ತೀವಿ. ಯಾರು ಅಂತ ಒಂದು ಹೆಸರು ಹೇಳ್ಬಿಡಿ, ಈ ದೀಪನೂ ಬೇಡ, ಏನೂ ಬೇಡ."

"ಟಿಕೆಟ್ಟು ಬೆಂಗ್ಳೂರಿಗೆ ಹೋಗಿದೆ," ಎಂದೆ. "ಹೋಗಿರೋದು ನನ್ನ ಹೆಸರಲ್ಲಿ. ಸಹಿನೂ ನಂದೇ. ಆದರೆ ನಾನು ಕದ್ದಿಲ್ಲ, ಕದಿಯೋಕೆ ಹೇಳಿಯೂ ಇಲ್ಲ. ಮೋಸ ಮಾಡಿ ಹಾಕಿಸಿಕೊಂಡಿದ್ದು. ಓಬಮ್ಮಂದು ಏನೇನೂ ತಪ್ಪಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೋಸ ಮಾಡಿದ್ದು ಯಾರು?" ಎಂದು ಓಬಮ್ಮ ಮೆಲ್ಲಗೆ ಕೇಳಿದಳು. ಅವಳಿಗೆ ಉತ್ತರ ಆಗಲೇ ತಿಳಿದಂತಿತ್ತು. ಆದರೂ ನನ್ನ ಬಾಯಿಂದಲೇ ಬರಲೆಂದು ಕಾದಳು.

"ನನ್ನ ತಮ್ಮ," ಎಂದೆ. "ತೀರ್ಥಪ್ಪ."

"ಸುಳ್ಳು."

ಹಿಂದೆ ತಿರುಗಿ ನೋಡಿದೆ. ರಸ್ತೆಯಲ್ಲಿ ತರೀಕೆರೆಯ ಬಸ್ಸು ನಿಂತಿತ್ತು. ಗುರುಶಾಂತಮ್ಮ ಇಳಿದು ಒಬ್ಬಳೇ ಬಂದಿದ್ದಳು. ಹಣೆಯ ತುಂಬ ವಿಭೂತಿ, ಅತ್ತು ಕೆಂಪಾದ ಕಣ್ಣು. ನನ್ನನ್ನು ದಾಟಿಕೊಂಡು ಹೋಗಿ ಓಬಮ್ಮನ ಎದುರಿಗೆ ನಿಂತಳು.

"ಓಬಮ್ಮ, ನಮ್ಮ ಯಜಮಾನ್ರು ಮಾಡಿದ ಕೆಲಸ ಇದು ಕಣೇ. ಮಗು ಥರ ಸಾಕಿದ ತಮ್ಮನ್ನ ಬೆದರಿಸಿ ನಿಮ್ಮನೆಗೆ ಕಳಿಸಿದ್ರು. ಈಗ ಅವನ ತಲೆಗೇ ಕಟ್ತಿದ್ದಾರೆ. ನಾನು ವಾರವಾರ ಟಿಕೆಟ್ ಕೊಂಡಿದ್ದು ನಿಜ. ಇನ್ನೊಬ್ಬರದ್ದಕ್ಕೆ ಆಸೆ ಪಟ್ಟಿಲ್ಲ."

"ಗುರುಶಾಂತ, ಯಾರು ಹೇಳಿದ್ದು ನಿಂಗೆ ಇದನ್ನ?"

ಓಬಮ್ಮ ನನ್ನ ಕಡೆ ತಿರುಗಿ ಒಂದು ಸಲ ನೋಡಿದಳು. ಆಮೇಲೆ ಮುಗಿದ ಕೈಯನ್ನು ಕೆಳಗಿಳಿಸಿ, ನನ್ನಿಂದ ಎರಡು ಹೆಜ್ಜೆ ದೂರ ಸರಿದಳು.

"ನಂಬಿಕೆ ಇಲ್ದಿದ್ರೆ ನಾನೇ ಆರಿಸ್ತೀನಿ," ಎಂದು ಗುರುಶಾಂತಮ್ಮ ಹಣತೆಯ ಮುಂದೆ ಕೂತು ಕೈ ಚಾಚಿದಳು.

ಮೂವತ್ತೈದು ವರ್ಷ ಅವಳ ಜೊತೆ ಬಾಳಿದ್ದೇನೆ. ದೇವರ ಮುಂದೆ ಅವಳು ಸುಳ್ಳು ಹೇಳುವವಳಲ್ಲ. ನಾನೇ ಕಳ್ಳನೆಂದು ಅವಳು ನಂಬಿದ್ದಳು.